ಡಾಂಬರಿಗೂ ಕೆಸರಿಗೂ ಒಂದೇ ಟೈರ್

ರಸ್ತೆಯ ಮೇಲೂ ರಸ್ತೆ ಬಿಟ್ಟ ದಾರಿಯಲ್ಲೂ ಓಡಬೇಕಾದ ವಾಹನಕ್ಕೆ ಟೈರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಅದರ ಹೊರಮೈಯ ರಬ್ಬರ್ ಉಬ್ಬುಗಳಾದ ಬಟನ್‌ಗಳ ಮೇಲೆ. ಬಟನ್ ದಪ್ಪವಾಗಿ, ಸಂದುಗಳು ಆಳವಾಗಿ, ಅಂಚಿನ ಹಲ್ಲುಗಳು ಟೈರಿನ ಪಕ್ಕದ ಗೋಡೆಯಾದ ಸೈಡ್‌ವಾಲ್‌ವರೆಗೂ ಇಳಿದಿದ್ದರೆ ಅಂಥ ಟೈರ್ ಎಲ್ಲಿ ಬೇಕಾದರೂ ನುಗ್ಗೀತು ಎಂಬ ಭರವಸೆ ತಾನಾಗಿ ಮೂಡುತ್ತದೆ. ಆದರೆ ಟೈರಿನ ನಡವಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ ಗಾಳಿಯ ಒತ್ತಡ, ರಬ್ಬರಿನ ಮಿಶ್ರಣ ಮತ್ತು ಸೈಡ್‌ವಾಲ್‌ನೊಳಗಿನ ಪದರಗಳು ಹೊರನೋಟಕ್ಕೆ ಸಿಗುವಂಥವಲ್ಲ. ಆಲ್-ಟೆರೇನ್ ಎಂದು ಕರೆಯುವ ಟೈರ್ ಒಂದಕ್ಕೊಂದು ಹೊಂದದ ಹಲವು ಬೇಡಿಕೆಗಳ ನಡುವೆ ತಯಾರಕರು ಮಾಡಿಕೊಂಡ ರಾಜಿ. ಆ ರಾಜಿ ಎತ್ತ ವಾಲಿದೆ ಎಂಬುದು ಒಂದು ಟೈರಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆಯ್ಕೆಯ ಕಷ್ಟವಿರುವುದೂ ಅಲ್ಲೇ.

ಎರಡು ಟನ್ ತೂಗುವ ವಾಹನವೊಂದರ ಭಾರ ನಾಲ್ಕು ಚಕ್ರಗಳಿಗೂ ಸಮನಾಗಿ ಹಂಚಿದೆ ಎಂದುಕೊಂಡರೆ ಒಂದೊಂದು ಟೈರ್ 500 ಕಿಲೋಗ್ರಾಂ ಹೊರುತ್ತದೆ. ಟೈರಿನೊಳಗೆ 35 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.5 ಕಿಲೋಗ್ರಾಂ ಭಾರದಷ್ಟು ಒತ್ತಡವಿದ್ದರೆ, ಆ ಭಾರವನ್ನು ತಡೆದುಕೊಳ್ಳಲು ನೆಲಕ್ಕೆ ತಾಗಬೇಕಾದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಬೆರಳು ಸೇರಿಸಿ ಊರಿದ ಒಂದು ಕೈಯಗಲದ ಜಾಗ ಅಷ್ಟೇ. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಂಥ ನಾಲ್ಕು ತುಣುಕುಗಳ ಮೂಲಕವೇ ನಡೆಯಬೇಕು. ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿದರೆ ಲೆಕ್ಕದ ಪ್ರಕಾರ ಈ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸೈಡ್‌ವಾಲ್ ಕೂಡ ಒಂದಿಷ್ಟು ಭಾರ ಹೊರುವುದರಿಂದ ವಾಸ್ತವದಲ್ಲಿ ಅಷ್ಟು ಬರುವುದಿಲ್ಲ, ಆದರೂ ವ್ಯತ್ಯಾಸ ದೊಡ್ಡದೇ. ವಾಲ್ವಿನಿಂದ ಗಾಳಿ ಇಳಿಸುತ್ತಾ ಪಕ್ಕದಲ್ಲಿ ಕುಳಿತು ಗಮನಿಸಿದರೆ ಟೈರ್ ಅಗಲಕ್ಕೆ ಹರಡುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೂ ಮುಂದಕ್ಕೂ ಉದ್ದವಾಗಿ ಚಪ್ಪಟೆಯಾಗುವುದು ಕಾಣುತ್ತದೆ. ಮರಳಿನಲ್ಲಿ ಕೆಲಸಕ್ಕೆ ಬರುವುದು ಈ ಉದ್ದವೇ. ಒತ್ತಡ ಹೆಚ್ಚಿರುವ ಟೈರ್ ಮರಳಿನಲ್ಲಿ ಹೂತು, ತಾನೇ ಮಾಡಿದ ಗುಂಡಿಯಿಂದ ಪ್ರತಿ ಕ್ಷಣವೂ ಮೇಲೆ ಹತ್ತುತ್ತಾ ಸಾಗಬೇಕಾಗುತ್ತದೆ. ಗಾಳಿ ಇಳಿಸಿದ ಟೈರ್ ಮೇಲ್ಮೈಯಲ್ಲೇ ತೇಲಿದಂತೆ ಹೋಗುತ್ತದೆ. ಸಡಿಲ ಮರಳಿನಲ್ಲಿ ಒರಟು ಬಟನ್‌ಗಳು ನೆರವಾಗುವ ಬದಲು ಕೆಳಗೆ ತೋಡುತ್ತವೆ. ರಸ್ತೆಯ ಒತ್ತಡದಲ್ಲೇ ಬಿಟ್ಟ ದುಬಾರಿ ಕೆಸರಿನ ಟೈರಿಗಿಂತ ಗಾಳಿ ಇಳಿಸಿದ ಸಾಧಾರಣ ಟೈರ್ ಅಲ್ಲಿ ಮೇಲು.

ಬಂಡೆಯ ಮೇಲೆ ಲೆಕ್ಕಾಚಾರ ಬೇರೆ. ಘರ್ಷಣೆ ತಾಗುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಶಾಲೆಯಲ್ಲಿ ಕಲಿತ ನಿಯಮಕ್ಕೆ ರಬ್ಬರ್ ಒಳಪಡುವುದಿಲ್ಲ. ಅದು ಎರಡು ಬಗೆಯಲ್ಲಿ ಹಿಡಿತ ಸಾಧಿಸುತ್ತದೆ. ಒಂದು, ಮೇಲ್ಮೈಗೆ ಅಣುಗಳ ಮಟ್ಟದಲ್ಲಿ ಅಂಟಿಕೊಳ್ಳುವುದು. ಇನ್ನೊಂದು, ಕಲ್ಲಿನ ಉಬ್ಬುತಗ್ಗುಗಳ ಮೇಲೆ ಕುಗ್ಗಿ ಮತ್ತೆ ಹಿಗ್ಗುವಾಗ, ಪಡೆದ ಶಕ್ತಿಯಲ್ಲಿ ಒಂದಂಶವನ್ನು ಮರಳಿ ಕೊಡದೆ ಶಾಖವಾಗಿ ಕಳೆದುಕೊಂಡು ಜಾರುವಿಕೆಯನ್ನು ತಡೆಯುವುದು. ಮೆದು ರಬ್ಬರ್ ಎರಡರಲ್ಲೂ ಮುಂದು, ಆದರೆ ಬೇಗ ಸವೆಯುತ್ತದೆ ಮತ್ತು ಚೂಪಾದ ಕಲ್ಲಿಗೆ ಸಿಕ್ಕಿದಾಗ ಚೂರು ಚೂರಾಗಿ ಕಿತ್ತುಬರುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ವಿಧಾನ ಕಂಡುಕೊಂಡ ಮೇಲೆ ಟೈರ್ ತಯಾರಕರು ಬಗೆಹರಿಸಲು ಹೆಣಗುತ್ತಿರುವುದು ಈ ಮೆದು ಮತ್ತು ಗಟ್ಟಿಯ ಜಗಳವನ್ನೇ. ಸವೆತ ತಡೆಯಲು ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ. ಒದ್ದೆ ರಸ್ತೆಯ ಹಿಡಿತವನ್ನು ಉಳಿಸಿಕೊಂಡೇ ಉರುಳುವಾಗಿನ ಶಕ್ತಿನಷ್ಟ ಕಡಿಮೆ ಮಾಡಲು ಸಿಲಿಕಾ ಸೇರಿಸುತ್ತಾರೆ. ಆಲ್-ಟೆರೇನ್ ಟೈರ್‌ಗಳಲ್ಲಿ ಕಲ್ಲಿನ ಏಟು ತಾಳಲಿ ಎಂದು ಗಟ್ಟಿ ಮಿಶ್ರಣ ಬಳಸುವುದು ಸಾಮಾನ್ಯ, ಮತ್ತು ಅದರ ಬೆಲೆಯನ್ನು ಮಳೆಯಲ್ಲಿ ಬ್ರೇಕ್ ಒತ್ತಿದಾಗ ತೆರಬೇಕಾಗುತ್ತದೆ.

ಬಟನ್‌ಗಳನ್ನೂ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅವುಗಳ ಗಾತ್ರಕ್ಕಿಂತ ಅವುಗಳ ಮೇಲಿನ ಸಣ್ಣ ಕೆಲಸವೇ ಹೆಚ್ಚು ಹೇಳುತ್ತದೆ. ಪ್ರತಿ ಬಟನ್ನಿನ ಮೇಲೂ ಅತಿ ತೆಳುವಾದ ಸೀಳುಗಳಿದ್ದರೆ ಅವು ಭಾರ ಬಿದ್ದಾಗ ಸ್ವಲ್ಪವೇ ತೆರೆದುಕೊಂಡು ಒದ್ದೆ ರಸ್ತೆಯಲ್ಲೂ ಹಿಮದಲ್ಲೂ ಕಚ್ಚಿ ಹಿಡಿಯುವ ಹೊಸ ಅಂಚುಗಳನ್ನು ಒದಗಿಸುತ್ತವೆ. ಸೈಪ್ ಎಂದು ಕರೆಯುವ ಈ ಸೀಳುಗಳಿಗೆ ಆ ಹೆಸರು ಬಂದದ್ದು 1923ರಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್ ಅವರಿಂದ. ಸಂದಿನ ತಳದಲ್ಲಿ ಸಾಲಾಗಿ ಕಾಣುವ ಪುಟ್ಟ ಉಬ್ಬುಗಳು ಅಲಂಕಾರಕ್ಕಲ್ಲ. ಸಿಕ್ಕಿಕೊಂಡ ಜಲ್ಲಿ ಕಲ್ಲು ಬಟನ್‌ಗಳ ನಡುವೆ ಕೊರೆಯುತ್ತಾ ಒಳಗಿನ ಉಕ್ಕಿನ ಪಟ್ಟಿಯವರೆಗೆ ಹೋಗದಂತೆ ಅವು ಅದನ್ನು ಹೊರಕ್ಕೆ ತಳ್ಳುತ್ತವೆ. ಸಂದುಗಳ ಅಗಲ ಕೆಸರಿಗೆ ಸಂಬಂಧಿಸಿದ್ದು. ಅಂಟು ಮಣ್ಣಿನಲ್ಲಿ ಸಂದು ತುಂಬಿಕೊಂಡಿತೆಂದರೆ ಎಂಥ ಟೈರೂ ಬೋಳು ಟೈರೇ. ಚಕ್ರ ಸುತ್ತುವಾಗ ಮಣ್ಣು ತಾನಾಗಿ ಸಿಡಿದು ಹೋಗಬೇಕಾದರೆ ಸಂದುಗಳು ಅಗಲವಾಗಿರಬೇಕು, ಅಗಲವಾದಷ್ಟೂ ರಸ್ತೆಗೆ ತಾಗುವ ರಬ್ಬರ್ ಕಡಿಮೆಯಾಗಬೇಕು. ಎತ್ತರದ, ಬಿಡಿಬಿಡಿಯಾದ ಬಟನ್‌ಗಳು ಒಣ ಡಾಂಬರಿನ ಮೇಲೆ ಬ್ರೇಕ್ ಹಾಕಿದಾಗ ಬಾಗುವುದರಿಂದ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ತಿರುವಿನಲ್ಲಿ ಸ್ಟಿಯರಿಂಗ್ ಸಡಿಲವೆನ್ನಿಸುತ್ತದೆ. ಒಂದೊಂದು ಬಟನ್ ರಸ್ತೆಗೆ ಬಡಿಯುವ ಸದ್ದು ಒಂದೇ ಸ್ವರವಾಗಿ ಗುಂಯ್‌ಗುಡದಿರಲಿ ಎಂದು ಬಟನ್‌ಗಳ ಉದ್ದವನ್ನು ಸುತ್ತಲೂ ಬೇಕೆಂದೇ ಏರುಪೇರು ಮಾಡಿರುತ್ತಾರೆ. ಟೈರನ್ನು ನಿಧಾನವಾಗಿ ತಿರುಗಿಸಿ ಅಳೆದರೆ ಇದು ಗೊತ್ತಾಗುತ್ತದೆ.

ಮಳೆನೀರಿನ ಪದರದ ಮೇಲೆ ಟೈರ್ ತೇಲಿಬಿಡುವ ಅಪಾಯಕ್ಕೂ ಗಾಳಿಗೂ ನೇರ ನಂಟಿದೆ. 1960ರ ದಶಕದಲ್ಲಿ ನಾಸಾ ಸಂಸ್ಥೆ ವಿಮಾನದ ಟೈರ್‌ಗಳನ್ನು ಕುರಿತು ನಡೆಸಿದ ಅಧ್ಯಯನದಿಂದ ಬಂದ ಸೂತ್ರದಂತೆ ಈ ತೇಲುವಿಕೆ ಆರಂಭವಾಗುವ ವೇಗ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನೀರಿನ ಆಳ ಬಟನ್‌ಗಳು ಹೊರಹಾಕಬಲ್ಲದ್ದಕ್ಕಿಂತ ಹೆಚ್ಚಾಗಿದ್ದಾಗ, 36 ಪಿಎಸ್‌ಐ ಇರುವ ಟೈರಿಗೆ ಅದು ಗಂಟೆಗೆ ಸುಮಾರು 100 ಕಿಲೋಮೀಟರ್; 16 ಪಿಎಸ್‌ಐಗೆ ಸುಮಾರು 67. ಮಣ್ಣುದಾರಿಗೆಂದು ಇಳಿಸಿದ ಗಾಳಿಯನ್ನು ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕೆನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು, ಇದಕ್ಕಿಂತ ಗಂಭೀರವಾದದ್ದು, ಶಾಖ. ಗಾಳಿ ಕಡಿಮೆಯಿರುವ ಟೈರಿನ ಸೈಡ್‌ವಾಲ್ ಪ್ರತಿ ಸುತ್ತಿನಲ್ಲೂ ಮಿತಿಮೀರಿ ಮಡಿಚಿಕೊಳ್ಳುತ್ತದೆ, ವೇಗ ಹೆಚ್ಚಿದಂತೆ ಒಳಗೆ ಸೇರುವ ಶಾಖ ಹೊರಹೋಗಲು ಸಮಯವಿಲ್ಲದೆ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳಬಹುದು. ಹಾಗಾಗಿ ಆಲ್-ಟೆರೇನ್ ಟೈರಿನ ಜೊತೆಗೆ ಒಂದು ಪ್ರೆಶರ್ ಗೇಜ್ ಮತ್ತು ಚಿಕ್ಕ ಕಂಪ್ರೆಸರ್ ಇಲ್ಲದಿದ್ದರೆ ಆ ಟೈರಿಗೆ ಕೊಟ್ಟ ಹಣದಲ್ಲಿ ಅರ್ಧ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಸೈಡ್‌ವಾಲ್ ವಿಷಯದಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ರಚನೆಯಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುವುದರಿಂದ ಸೈಡ್‌ವಾಲ್ ಸುಲಭವಾಗಿ ಬಾಗುತ್ತದೆ. ನೆಲಕ್ಕೆ ಟೈರ್ ಚೆನ್ನಾಗಿ ಒಗ್ಗುವುದು ಇದರಿಂದಲೇ, ಮೊನಚು ಕಲ್ಲಿಗೋ ಕಡಿದ ಬೇರಿನ ತುದಿಗೋ ಸುಲಭವಾಗಿ ತುತ್ತಾಗುವುದೂ ಇದರಿಂದಲೇ. ಬಟನ್ ಭಾಗದ ಪಂಕ್ಚರ್ ಹಾಕಿಸಿ ಮುಂದುವರಿಯಬಹುದು. ಸೈಡ್‌ವಾಲ್ ಸೀಳಿದರೆ ನೆಚ್ಚಿಕೊಳ್ಳಬಹುದಾದ ದುರಸ್ತಿ ಇಲ್ಲ. ಇದಕ್ಕಾಗಿ ಸೈಡ್‌ವಾಲ್‌ಗೆ ಮೂರು ಪದರ ಕೊಟ್ಟ ಟೈರ್‌ಗಳಿವೆ, ಗಾತ್ರದ ಮುಂದೆ ಎಲ್‌ಟಿ ಎಂಬ ಗುರುತಿರುವ, ಲಘು ಟ್ರಕ್ಕುಗಳಿಗೆಂದು ಮಾಡಿದ ಟೈರ್‌ಗಳೂ ಇವೆ. ಆದರೆ ಎಲ್‌ಟಿ ಟೈರ್ ತನ್ನ ಮೇಲೆ ನಮೂದಿಸಿದ ಭಾರ ಹೊರುವುದು ನಿಗದಿತ ಒತ್ತಡದಲ್ಲಿ ಮಾತ್ರ, ಭಾರ ಹೊರುವ ಸಾಮರ್ಥ್ಯದಲ್ಲಿ ಇ ದರ್ಜೆಯ ಟೈರ್‌ಗಳಲ್ಲಿ ಅದು 80 ಪಿಎಸ್‌ಐವರೆಗೂ ಇರುತ್ತದೆ. ಕಾರಿನ ಬಾಗಿಲಿನ ಪಟ್ಟಿಯಲ್ಲಿ ಬರೆದ, ಮೂಲ ಟೈರಿಗೆಂದು ಲೆಕ್ಕ ಹಾಕಿದ ಒತ್ತಡವನ್ನೇ ಅದಕ್ಕೂ ಹಾಕಿದರೆ ಅದು ಹಳೆಯ ಟೈರಿಗಿಂತ ಕಡಿಮೆ ಭಾರ ಹೊರುವ ಸಾಧ್ಯತೆಯಿದೆ. ಜೊತೆಗೆ ಅದು ತೂಕ ಹೆಚ್ಚು. ತಿರುಗುವ ಚಕ್ರದ ತೂಕ ಹೆಚ್ಚಿದರೆ ವೇಗ ಹೆಚ್ಚಿಸುವುದೂ ತಗ್ಗಿಸುವುದೂ ನಿಧಾನವಾಗುತ್ತದೆ, ಇಂಧನದ ಖರ್ಚು ಏರುತ್ತದೆ, ಸಸ್ಪೆನ್ಷನ್‌ಗೆ ಗುಂಡಿಗಳ ಏಟು ಜೋರಾಗಿ ತಟ್ಟುತ್ತದೆ. ವಾರವಿಡೀ ಡಾಂಬರಿನ ಮೇಲೆ ಓಡಿ ಅಪರೂಪಕ್ಕೆ ಜಲ್ಲಿದಾರಿ ತುಳಿಯುವ ವಾಹನಕ್ಕೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕೆ ಸಂದುಗಳು ಕಿರಿದಾಗಿ ಸೀಳುಗಳು ಹೆಚ್ಚಾಗಿರುವ ಹಗುರ ಟೈರೇ ತಕ್ಕದ್ದು.

ಗಾತ್ರ ಹೆಚ್ಚಿಸುವ ಆಸೆಗೂ ಲೆಕ್ಕ ಬೇಕು. 265/65 ಆರ್17 ಎಂಬ ಟೈರಿನ ಅಗಲ 265 ಮಿಲಿಮೀಟರ್, ಸೈಡ್‌ವಾಲ್‌ನ ಎತ್ತರ ಆ ಅಗಲದ 65 ಶೇಕಡಾ, ರಿಮ್ಮಿನ ವ್ಯಾಸ 17 ಇಂಚು. ಒಟ್ಟು ವ್ಯಾಸ ಸುಮಾರು 776 ಮಿಲಿಮೀಟರ್. ಬದಲಿಗೆ 265/70 ಆರ್17 ಹಾಕಿದರೆ ವ್ಯಾಸ ಸುಮಾರು 803ಕ್ಕೆ ಏರುತ್ತದೆ. ವಾಹನದ ಹೊಟ್ಟೆ ನೆಲದಿಂದ ಮೇಲೇಳುವುದು ಇದರ ಅರ್ಧದಷ್ಟು, ಅಂದರೆ 13 ಮಿಲಿಮೀಟರ್ ಮಾತ್ರ. ಆದರೆ ಸ್ಪೀಡೋಮೀಟರ್ 100 ಎಂದು ತೋರಿಸುವ ಹೊತ್ತಿಗೆ ನಿಜವಾದ ವೇಗ ಮೊದಲಿಗಿಂತ 3.4 ಶೇಕಡಾ ಹೆಚ್ಚಿರುತ್ತದೆ, ಮತ್ತು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.

ಸೈಡ್‌ವಾಲ್ ಮೇಲಿನ ಉಳಿದ ಅಕ್ಷರಗಳಲ್ಲಿ ಎರಡು ಮೂರನ್ನಾದರೂ ಓದಲು ಬರಬೇಕು. 112 ಎಸ್ ಎಂದಿದ್ದರೆ ಆ ಟೈರ್ 1120 ಕಿಲೋಗ್ರಾಂ ಭಾರವನ್ನು ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ ಹೊರಬಲ್ಲದು. ಎಂ+ಎಸ್ ಎಂಬುದು ಕೆಸರು ಮತ್ತು ಹಿಮಕ್ಕೆಂದು ಹಾಕುವ ಗುರುತಾದರೂ ಅದಕ್ಕೆ ಆಧಾರ ಬಟನ್ ವಿನ್ಯಾಸವೇ ಹೊರತು ಹಿಡಿತದ ಪರೀಕ್ಷೆಯಲ್ಲ. ಮೂರು ಶಿಖರಗಳ ನಡುವೆ ಹಿಮದ ಹರಳು ಇರುವ ಚಿಹ್ನೆ ಮಾತ್ರ ಹಿಮದ ಮೇಲೆ ಅಳೆದು ಕೊಡುವಂಥದ್ದು. ತಯಾರಾದ ಕಾಲವನ್ನು ಹೇಳುವುದು ನಾಲ್ಕು ಅಂಕಿಗಳು: 2319 ಎಂದರೆ 2019ರ 23ನೆಯ ವಾರ. ಇದನ್ನು ಸ್ಟೆಪ್ನಿಯ ಮೇಲೂ ನೋಡಬೇಕು, ಏಕೆಂದರೆ ಒಮ್ಮೆಯೂ ನೆಲ ಮುಟ್ಟದ ಟೈರಿನ ರಬ್ಬರ್ ಸಹ ಬಿಸಿಲಿಗೂ ಗಾಳಿಯ ಓಝೋನಿಗೂ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನದಲ್ಲಿ ಒಂದು ಟೈರ್ ಉಳಿದವುಗಳಿಗಿಂತ ಬಹಳ ಕಡಿಮೆ ಸವೆದಿದ್ದರೆ ಸುತ್ತಳತೆಯ ಆ ವ್ಯತ್ಯಾಸವನ್ನು, ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್ ಎಡೆಬಿಡದೆ ಸರಿದೂಗಿಸುತ್ತಾ ಬಿಸಿಯಾಗುತ್ತದೆ. ಆದ್ದರಿಂದ ಇಂಥ ವಾಹನಕ್ಕೆ ನಾಲ್ಕರ ಬದಲು ಒಂದೇ ಗಾತ್ರದ ಐದು ಟೈರ್ ಕೊಂಡು, ಒಂದೇ ದಿಕ್ಕಿನಲ್ಲಿ ತಿರುಗಬೇಕಾದ ವಿನ್ಯಾಸದವಲ್ಲದಿದ್ದರೆ, ಸ್ಟೆಪ್ನಿಯನ್ನೂ ಸೇರಿಸಿ ಸರದಿಯಂತೆ ಜಾಗ ಬದಲಿಸುತ್ತಾ ಬರುವುದು ಸರಿಯಾದ ಕ್ರಮ.