ಕಾರಿಡಾರ್ ಅಂದ ಕೂಡಲೇ ತೋಟ ಮಾರಬೇಡಿ

ಗೋವಾದ ಸತ್ತರಿಯಲ್ಲಿ ಗೇರು ತೋಟ ಮಾಡಿಕೊಂಡಿರುವ ನಮ್ಮ ಖಾನಾಪುರ, ಬೆಳಗಾವಿ ಕಡೆಯವರು ಪೋಂಡಾದ ನನ್ನ ಕಚೇರಿಗೆ ಬಂದರೆ ಇದನ್ನೇ ಕೇಳುತ್ತಾರೆ: "ವಕೀಲರೇ, ಹುಲಿ ಕಾರಿಡಾರ್ ಅಂತಾರಲ್ಲ, ಜಮೀನು ಹೋಗುತ್ತಾ?" ಕಾರಿಡಾರ್ ಅಂದರೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಪ್ರಾಣಿಗಳು ಓಡಾಡುವ ದಾರಿ. ಮೊನ್ನೆ ಒಬ್ಬರು ಗಿರಾಕಿಯನ್ನೂ ಗೊತ್ತು ಮಾಡಿಕೊಂಡೇ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದು-ಹದಿನಾಲ್ಕರ ಉತಾರ, ಅಂದರೆ ಗೋವಾದ ಪಹಣಿ, ತೆಗೆದಿಟ್ಟರು. ತಂದೆಯ ಹೆಸರು ಇನ್ನೂ ಅದರಲ್ಲಿದೆ. ಬೇಸಿಗೆಯಲ್ಲಿ ಆ ತೋಟದ ಹಳ್ಳಕ್ಕೆ ಕಾಡುಕೋಣಗಳು ನೀರಿಗೆ ಇಳಿಯುತ್ತವೆ. ಕೊಳ್ಳುವವನಿಗೆ ಮಾತ್ರ ಸುತ್ತ ಕಾಂಪೌಂಡ್ ಎಬ್ಬಿಸುವ ಅವಸರ. ನನಗೆ ಸಂಕಟವಾಯಿತು.

ದಯವಿಟ್ಟು ಕೇಳಿ. ನಕ್ಷೆಯಲ್ಲಿ ಕಾರಿಡಾರ್ ಗೆರೆ ಬಿದ್ದ ಮಾತ್ರಕ್ಕೆ ಯಾರ ಮಾಲೀಕತ್ವವೂ ಹೋಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 36ಸಿ ಕಲಂ ಸೇರಿತು. ಮಾಲೀಕರು ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನು ಸಮುದಾಯ ಮೀಸಲು, ಅಂದರೆ ಕಾಡುಪ್ರಾಣಿಗಳನ್ನು ಕಾಪಾಡುವ ಜಾಗ, ಅಂತ ಸರ್ಕಾರ ಈ ಕಲಮಿನಡಿ ಘೋಷಿಸಬಹುದು. ಆಮೇಲೂ ಜಮೀನು ನಿಮ್ಮದೇ. ಕಟ್ಟು ಬೀಳುವುದು ಬಳಕೆಯ ಮೇಲೆ. ಗೇರು ತೋಟವನ್ನು ರೆಸಾರ್ಟ್ ಮಾಡಬೇಕೆಂದರೆ ಆ ಮೀಸಲಿನ ನಿರ್ವಹಣಾ ಸಮಿತಿಯ ನಿರ್ಣಯ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಮಕ್ಕಳ ಮನಸ್ಸಿನಲ್ಲಿ ಅಂಥದ್ದೇನಾದರೂ ಇದ್ದರೆ ಅರ್ಜಿಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಎಲ್ಲರಿಗೂ ಇದೇ ಮಾತು ಅನ್ವಯಿಸುತ್ತದೆ ಅಂತ ಹೇಳಲಾರೆ. 1999ರಲ್ಲಿ ಮ್ಹಾದೇಯಿ ಅಭಯಾರಣ್ಯದೊಳಗೆ ಸೇರಿದ ಜಮೀನಿನ ಲೆಕ್ಕ ಬೇರೆ. ಹಿಂದಿನ ಆಳ್ವಿಕೆಯಲ್ಲಿ ಕೊಟ್ಟ ಸತ್ತರಿಯ ಆಲ್ವಾರಾ, ಮೊಕಾಸೊ ಜಮೀನುಗಳಲ್ಲಿ ಮೊದಲು ಹಕ್ಕೇ ಇತ್ಯರ್ಥವಾಗಬೇಕು. ಸುಮ್ನೆ ಯಾರದೋ ಮಾತು ಕೇಳಿ ಸಹಿ ಹಾಕಬೇಡಿ, ಉತಾರ ತೋರಿಸಿ.

ರೈತರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ದಾರಿ ಬಿಟ್ಟುಕೊಟ್ಟವರಿಗೆ ಇಷ್ಟು ಹಣ ಕೊಡಬೇಕು ಅಂತ 36ಸಿಯಲ್ಲಿ ಎಲ್ಲೂ ಬರೆದಿಲ್ಲ. ಅಮೆರಿಕದ ಫ್ಲೋರಿಡಾ 2021ರಲ್ಲಿ ಕಾರಿಡಾರ್‌ಗೆಂದೇ ಕಾನೂನು ಮಾಡಿತು. ಅಲ್ಲಿ ದನ ಸಾಕುವ ರ‍್ಯಾಂಚ್‌ಗಳಿಂದ ಲೇಔಟ್ ಮಾಡುವ ಹಕ್ಕನ್ನಷ್ಟೇ ಸರ್ಕಾರ ದುಡ್ಡು ಕೊಟ್ಟು ಕೊಳ್ಳುತ್ತದೆ. ಜಮೀನೂ ದನವೂ ಮಾಲೀಕರ ಹತ್ತಿರವೇ ಉಳಿಯುತ್ತವೆ. ನಮ್ಮಲ್ಲೂ ಅಂಥ ಕಾನೂನು ಬರಬೇಕು ಅಲ್ವಾ? ಕಾಡುಪ್ರಾಣಿ ಉಳಿಸುವ ಖರ್ಚನ್ನೆಲ್ಲ ಗೇರು ಬೆಳೆಯುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಾಸಕರು ಊರಿಗೆ ಬಂದಾಗ ರಸ್ತೆಯ ಜೊತೆ ಇದನ್ನೂ ಕೇಳಿ.

ಅಲ್ಲಿಯವರೆಗೆ, ಬೇಲಿ ಬೇಕೇ ಬೇಕು ಅನ್ನುವವರು ಮನೆ, ಬಾಳೆ, ತರಕಾರಿಯ ಸುತ್ತ ಹಾಕಿಕೊಳ್ಳಿ. ಹಳ್ಳದ ಬದಿ ತೆರೆದಿರಲಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಮನುಷ್ಯರೂ ಸಾಯುತ್ತಾರೆ.