ಕಾರ್ಡ್‌ಗೆ ಎಷ್ಟು ದೂರದ ಮೆಮೊರಿ ಎಟಕುತ್ತದೆ?

ಕೋಲಾರದ ಎಪಿಎಂಸಿಗೆ ಟೊಮೆಟೊ ಕಳಿಸುವ ರೈತರೊಬ್ಬರ ಶೆಡ್‌ನಲ್ಲಿ, ಬಣ್ಣ ನೋಡಿ ಹಣ್ಣು ಬೇರ್ಪಡಿಸುವ ಯಂತ್ರವಿದೆ. ಒಂದು ಕ್ಯಾಮೆರಾ ಕಾರ್ಡ್, ಒಂದು ಲಿನಕ್ಸ್ ಕಂಪ್ಯೂಟರ್. 2 ಜಿಬಿ ರ‍್ಯಾಮ್ ಇದ್ದಾಗ ಚೆನ್ನಾಗಿ ನಡೆಯುತ್ತಿತ್ತು. 8 ಜಿಬಿ ಹಾಕಿದ ಮೇಲೆ ಚಿತ್ರ ಹರಿದು ಬರತೊಡಗಿತು. ಕಂಪ್ಯೂಟರ್ ಆಗಾಗ ನಿಂತೇ ಹೋಗುತ್ತಿತ್ತು.

"ಹೊಸ ರ‍್ಯಾಮೇ ಕೆಟ್ಟಿದೆ ಅಲ್ವಾ ಸಾರ್?" ಎಂದರು. ಬೂಟ್ ಆಗುವಾಗ ಮೊದಲ 3 ಜಿಬಿ ಮಾತ್ರ ಬಳಸುವಂತೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಿ ನೋಡಿದೆ. ತೊಂದರೆ ಮಾಯ! ಅಲ್ಲಿಗೆ ಅನುಮಾನ ಡ್ರೈವರ್ ಮೇಲೆ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ ಮೇಲೆ ಹೋಯಿತು.

ಇಂಥ ಕಾರ್ಡ್ ಪ್ರೊಸೆಸರ್‌ಗೆ ಕಾಯದೆ ತಾನೇ ಮೆಮೊರಿಗೆ ಬರೆಯುತ್ತದೆ. ಇದನ್ನೇ ಡಿಎಂಎ ಅನ್ನುತ್ತೇವೆ. ಎಲ್ಲಿ ಬರೆಯಬೇಕು ಅನ್ನುವ ವಿಳಾಸ ಕೊಡುವುದು ಡ್ರೈವರ್. ಈ ಕಾರ್ಡ್‌ನ ವಿಳಾಸಕ್ಕೆ 32 ಬಿಟ್ ಮಾತ್ರ ಜಾಗ. ಅಂದರೆ 4 ಜಿಬಿ ಆಚೆ ಅದಕ್ಕೆ ಎಟಕುವುದಿಲ್ಲ. ಡ್ರೈವರ್ ಬರೆದವರು ಸಿಕ್ಕ ಮೆಮೊರಿಯ ವಿಳಾಸವನ್ನು ನೇರವಾಗಿ ಕಾರ್ಡ್‌ಗೆ ತುಂಬಿದ್ದರು. ಮೇಲಿನ ಬಿಟ್‌ಗಳು ಕತ್ತರಿಸಿಹೋದವು. 5 ಜಿಬಿಯಲ್ಲಿ ಇಳಿಯಬೇಕಾದ ಚಿತ್ರ 1 ಜಿಬಿಯಲ್ಲಿ ಇಳಿಯಿತು. ಚೀಟಿಯಲ್ಲಿ ಎರಡೇ ಅಂಕಿಗೆ ಜಾಗವಿದ್ದರೆ 112ನೇ ಮಂಡಿಯ ಬಾಕ್ಸ್‌ಗಳು 12ನೇ ಮಂಡಿಗೆ ಹೋಗುತ್ತವಲ್ಲ, ಹಾಗೆ. ಅಲ್ಲಿ ಮೊದಲೇ ಇದ್ದ ಮಾಲು ಅಡಿಗೆ ಬಿದ್ದು ಅಪ್ಪಚ್ಚಿ.

ಕರ್ನಲ್ ಬಳಿ ಮೆಮೊರಿ ಕೇಳುವಾಗ ಜಿಎಫ್‌ಪಿ_ಡಿಎಂಎ ಎಂಬ ಗುರುತು ಸೇರಿಸಿದರೆ ಕೆಳಗಿನ ಮೆಮೊರಿ ಸಿಗುತ್ತದಲ್ಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಸಿಗುತ್ತದೆ, ಆದರೆ ಮಾಮೂಲಿ ಪಿಸಿಯಲ್ಲಿ ಅದು ಮೊದಲ 16 ಎಂಬಿ ಮಾತ್ರ. 1984ರ ಪಿಸಿ/ಎಟಿ ಕಾಲದ ಬಸ್‌ನಲ್ಲಿ (ಕಾರ್ಡ್‌ಗಳನ್ನು ಜೋಡಿಸುವ ತಂತಿಗಳ ದಾರಿ) ವಿಳಾಸಕ್ಕೆ 24 ತಂತಿಗಳಿದ್ದವು, ಅದರ ಲೆಕ್ಕ ಇದು. 1920×1080ರ ಒಂದು ಚಿತ್ರಕ್ಕೆ, ಪಿಕ್ಸೆಲ್‌ಗೆ 2 ಬೈಟ್ ಹಿಡಿದರೂ, ಸುಮಾರು 4 ಎಂಬಿ ಬೇಕು. ನಾಲ್ಕು ಚಿತ್ರಕ್ಕೇ ಜಾಗ ಮುಗಿಯಿತು! ಆರ್ಮ್ ಪ್ರೊಸೆಸರ್‌ನ ಬೋರ್ಡ್‌ಗಳಲ್ಲಂತೂ ಈ ಗಡಿಯೇ ಬೇರೆ.

ನಾನು ಮಾಡಿದ್ದು ಇಷ್ಟು. ಈ ಕಾರ್ಡ್‌ಗೆ 32 ಬಿಟ್ ಮಿತಿ ಎಂದು ಡ್ರೈವರ್ ಶುರುವಾಗುವಾಗಲೇ ಕರ್ನಲ್‌ಗೆ ತಿಳಿಸುವ ಹಾಗೆ ಮಾಡಿದೆ. ಚಿತ್ರ ಇಳಿಯುವ ಮೆಮೊರಿ ಜಾಗಗಳನ್ನೂ (ಬಫರ್) ಆಗಲೇ, ಕರ್ನಲ್‌ನ ಡಿಎಂಎ ದಾರಿಯಿಂದಲೇ ಪಡೆದೆ. ಆಗಲೇ ಏಕೆಂದರೆ, ಬೆಳಿಗ್ಗೆ ಶೆಡ್‌ನ ಅಂಗಳ ಖಾಲಿ ಇರುತ್ತದೆ. ಮಧ್ಯಾಹ್ನಕ್ಕೆ ಚೂರುಪಾರು ಜಾಗ ಎಷ್ಟಿದ್ದರೂ ಒಂದೇ ಕಡೆ ಲಾರಿ ನಿಲ್ಲುವಷ್ಟು ಸಿಗುವುದಿಲ್ಲ. ಮೆಮೊರಿಯೂ ಹಾಗೇ.

ಮಿತಿ ತಿಳಿಸಿ, ಡಿಎಂಎ ದಾರಿಯಲ್ಲೇ ಮೇಲಿನ ಮೆಮೊರಿಯನ್ನು ಕೊಟ್ಟರೂ ಕರ್ನಲ್ ಕೆಳಗಿನ ಒಂದು ತಾತ್ಕಾಲಿಕ ಜಾಗದ (ಬೌನ್ಸ್ ಬಫರ್) ಮೂಲಕ ನಕಲು ಮಾಡಿಕೊಡುತ್ತದೆ. ಸಣ್ಣ ಡೇಟಾಗೆ ಸರಿ. ಸೆಕೆಂಡಿಗೆ 30 ಚಿತ್ರ ಬಂದರೆ ಸುಮ್ನೆ 120 ಎಂಬಿ ನಕಲು. ಕಾರ್ಡ್‌ಗೂ ಮೆಮೊರಿಗೂ ನಡುವೆ ಐಒಎಂಎಂಯು ಎಂಬ ಯಂತ್ರಾಂಶ ಇದ್ದರೆ ಆ ನಕಲೂ ಬೇಡ, ವಿಳಾಸವನ್ನು ಅದೇ ಬದಲಿಸಿಕೊಡುತ್ತದೆ. ತಪ್ಪು ಜಾಗ ಮುಟ್ಟುವ ಕಾರ್ಡನ್ನು ತಡೆದು, ಅದರ ಗುರುತನ್ನು ಲಾಗ್‌ನಲ್ಲಿ ಬರೆಸುತ್ತದೆ. ಅದಕ್ಕೇ ಹೊಸ ಡ್ರೈವರ್ ಬಂದಾಗಲೆಲ್ಲ 8 ಜಿಬಿ ಯಂತ್ರದಲ್ಲಿ ಐಒಎಂಎಂಯು ಆನ್ ಮಾಡಿ ಒಂದು ದಿನ ಓಡಿಸುತ್ತೇನೆ. ಆಮೇಲೇ ಅದು ಶೆಡ್‌ಗೆ ಹೋಗುವುದು.