‘ಮೆನಿ ಇನ್ಫರ್ಮೇಶನ್ಸ್’ ಏಕೆ ತಪ್ಪು?

ಓದುಗರ ಪ್ರಶ್ನೆ: ಎಣಿಸಬಹುದಾದದ್ದಕ್ಕೆ ‘ಮೆನಿ’, ಎಣಿಸಲಾಗದ್ದಕ್ಕೆ ‘ಮಚ್’ ಎಂಬ ಇಂಗ್ಲಿಷ್ ವ್ಯಾಕರಣದ ನಿಯಮ ನನಗೆ ಗೊತ್ತಿದೆ. ಆದರೂ ‘ಮೆನಿ ಇನ್ಫರ್ಮೇಶನ್ಸ್’, ‘ಮೆನಿ ಫರ್ನಿಚರ್ಸ್’ ಎಂದು ಬರೆದರೆ ತಪ್ಪು ಎನ್ನುತ್ತಾರೆ. ಮೇಜು, ಕುರ್ಚಿಗಳನ್ನು ಎಣಿಸಲು ಬರುತ್ತದಲ್ಲವೇ? ಹಣವನ್ನಂತೂ ಎಲ್ಲರೂ ಎಣಿಸುತ್ತಾರೆ. ಹಾಗಿದ್ದರೆ ಈ ನಿಯಮವನ್ನು ಅನ್ವಯಿಸುವುದು ಹೇಗೆ?

ಉತ್ತರ: ಗೊಂದಲ ಹುಟ್ಟುವುದು ನಿಯಮದಿಂದಲ್ಲ, ಅದನ್ನು ಸಾಮಾನ್ಯವಾಗಿ ಹೇಳಿಕೊಡುವ ರೀತಿಯಿಂದ. ಇಲ್ಲಿ ವಿಂಗಡಿಸಬೇಕಾದದ್ದು ವಸ್ತುಗಳನ್ನಲ್ಲ, ನಾಮಪದಗಳನ್ನು. ಕಣ್ಣೆದುರಿನ ವಸ್ತುವನ್ನು ಎಣಿಸಲು ಬರುತ್ತದೆಯೇ ಎಂದು ಕೇಳುವ ಬದಲು, ಆ ನಾಮಪದಕ್ಕೆ ಮೊದಲು ‘ಎ’ ಅಥವಾ ‘ಟೂ’ ಬರಬಹುದೇ, ಅದಕ್ಕೆ ಬಹುವಚನದ ರೂಪವಿದೆಯೇ ಎಂದು ಕೇಳಬೇಕು. ‘ಎ ಚೇರ್’, ‘ಟೂ ಚೇರ್ಸ್’ ಎಂಬ ಬಳಕೆ ಇರುವುದರಿಂದ ‘ಮೆನಿ ಚೇರ್ಸ್’ ಸರಿ. ‘ಫರ್ನಿಚರ್’ ಎಂಬುದಾದರೋ ಮೇಜು, ಕುರ್ಚಿ, ಮಂಚ, ಕಪಾಟುಗಳೆಲ್ಲವನ್ನೂ ಒಟ್ಟಾಗಿ ಸೂಚಿಸುವ ಹೆಸರು. ಅದರೊಳಗಿನ ಒಂದೊಂದನ್ನೂ ಎಣಿಸಬಹುದಾದರೂ ಆ ಒಟ್ಟು ಹೆಸರಿಗೆ ಇಂಗ್ಲಿಷಿನಲ್ಲಿ ಬಹುವಚನವಿಲ್ಲ. ‘ಮನಿ’ಯ ಕಥೆಯೂ ಇದೇ: ನಾವು ಎಣಿಸುವುದು ನೋಟುಗಳನ್ನು, ನಾಣ್ಯಗಳನ್ನು, ‘ಒನ್ ಮನಿ, ಟೂ ಮನಿ’ ಎಂದು ಯಾರೂ ಎಣಿಸುವುದಿಲ್ಲ. ಆದ್ದರಿಂದ ‘ಹೌ ಮೆನಿ ಕಾಯಿನ್ಸ್’ ಎಂದೂ ‘ಹೌ ಮಚ್ ಮನಿ’ ಎಂದೂ ಕೇಳಬೇಕು.

ಈ ಭೇದ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ನಾವು ‘ಕೆಲವು ಪುಸ್ತಕಗಳು’, ‘ಸ್ವಲ್ಪ ನೀರು’ ಎನ್ನುತ್ತೇವೆಯೇ ಹೊರತು ‘ಕೆಲವು ನೀರು’ ಎನ್ನುವುದಿಲ್ಲ. ತೊಡಕಾಗುವುದು ಎರಡು ಕಡೆ. ನಮ್ಮ ‘ಎಷ್ಟು’ ಮತ್ತು ‘ತುಂಬಾ’ ಎರಡೂ ಬಗೆಯ ನಾಮಪದಗಳೊಂದಿಗೆ ಹೊಂದಿಕೊಳ್ಳುವುದರಿಂದ ಇಂಗ್ಲಿಷಿನಲ್ಲಿ ಆರಿಸಿಕೊಳ್ಳಬೇಕಾದ ಸಂದರ್ಭ ಬಂದಾಗ ಕೈ ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ಸಲಹೆಗಳು’, ‘ಸಾಕ್ಷ್ಯಗಳು’, ‘ಸಂಶೋಧನೆಗಳು’, ‘ಉಪಕರಣಗಳು’ ಎಂಬ ಬಹುವಚನಗಳು ಕನ್ನಡದಲ್ಲಿ ಸಹಜವಾಗಿರುವುದರಿಂದ ಅದೇ ರೂಪವನ್ನು ‘ಅಡ್ವೈಸ್’, ‘ಎವಿಡೆನ್ಸ್’, ‘ರಿಸರ್ಚ್’, ‘ಎಕ್ವಿಪ್‌ಮೆಂಟ್’ ಪದಗಳಿಗೂ ಕೊಟ್ಟುಬಿಡುತ್ತೇವೆ. ‘ಹೋಮ್‌ವರ್ಕ್’, ‘ಲಗೇಜ್’, ‘ಟ್ರಾಫಿಕ್’, ‘ಸಾಫ್ಟ್‌ವೇರ್’ ಇವೂ ಎಣಿಕೆಗೆ ಒಗ್ಗದ ಪದಗಳೇ. ‘ನ್ಯೂಸ್’ ಎಂಬುದು ಬಹುವಚನದಂತೆ ಕಂಡರೂ ‘ದ ನ್ಯೂಸ್ ಈಸ್’ ಎಂದೇ ಬರೆಯಬೇಕು. ಇಂಥವನ್ನು ಎಣಿಸಿಯೇ ಹೇಳಬೇಕಾದಾಗ ‘ಟೂ ಪೀಸಸ್ ಆಫ್ ಅಡ್ವೈಸ್’, ‘ತ್ರೀ ಪೀಸಸ್ ಆಫ್ ಲಗೇಜ್’ ಎಂದು ನಡುವೆ ಒಂದು ಅಳತೆಯ ಪದವನ್ನು ತರಬೇಕಾಗುತ್ತದೆ. ಆಗ ಬಹುವಚನವಾಗುವುದು ‘ಪೀಸ್’, ‘ಅಡ್ವೈಸ್’ ಅಲ್ಲ.

ಒಂದೇ ಪದ ಎರಡು ಅರ್ಥಗಳಲ್ಲಿ ಎರಡು ಗುಂಪಿಗೂ ಸೇರುವುದುಂಟು. ‘ಮಚ್ ಎಕ್ಸ್‌ಪೀರಿಯೆನ್ಸ್’ ಎಂದರೆ ಕೆಲಸದಿಂದ ಬಂದ ಪಳಗುವಿಕೆ, ‘ಮೆನಿ ಎಕ್ಸ್‌ಪೀರಿಯೆನ್ಸಸ್’ ಎಂದರೆ ಬದುಕಿನಲ್ಲಿ ಎದುರಾದ ಬೇರೆ ಬೇರೆ ಪ್ರಸಂಗಗಳು. ‘ಮಚ್ ಟೈಮ್’ ಎಂದರೆ ಹೆಚ್ಚು ಸಮಯ, ‘ಮೆನಿ ಟೈಮ್ಸ್’ ಎಂದರೆ ಅನೇಕ ಬಾರಿ. ಸಂದೇಹ ಬಂದಾಗ ಇಂಗ್ಲಿಷ್ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ನಿಘಂಟನ್ನು ತೆರೆಯುವುದು ಒಳ್ಳೆಯದು. ಅಂಥ ನಿಘಂಟುಗಳು ಸಾಮಾನ್ಯವಾಗಿ ಪ್ರತಿ ಅರ್ಥದ ಪಕ್ಕದಲ್ಲಿಯೂ ಎಣಿಕೆಯ ನಾಮಪದಕ್ಕೆ ‘ಸಿ’, ಎಣಿಕೆಯಿಲ್ಲದ್ದಕ್ಕೆ ‘ಯು’ ಎಂಬ ಗುರುತು ಹಾಕಿರುತ್ತವೆ.

ನೀವು ಕೇಳದಿದ್ದರೂ ಇದಕ್ಕೆ ಅಂಟಿಕೊಂಡೇ ಬರುವ, ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಡುವ ವಿಷಯವೊಂದಿದೆ. ‘ಫ್ಯೂ’ ಎಣಿಕೆಯ ನಾಮಪದಗಳಿಗೆ, ‘ಲಿಟಲ್’ ಉಳಿದವಕ್ಕೆ ಎಂಬುದು ಸುಲಭ. ಆದರೆ ಅವುಗಳಿಗೆ ಮೊದಲು ‘ಎ’ ಇದೆಯೋ ಇಲ್ಲವೋ ಎಂಬುದರ ಮೇಲೆ ವಾಕ್ಯದ ಧೋರಣೆಯೇ ಬದಲಾಗುತ್ತದೆ. ಒಬ್ಬ ಅಭ್ಯರ್ಥಿಯ ಬಗ್ಗೆ ಶಿಫಾರಸು ಪತ್ರದಲ್ಲಿ ‘ಶಿ ಹ್ಯಾಸ್ ಎ ಲಿಟಲ್ ಎಕ್ಸ್‌ಪೀರಿಯೆನ್ಸ್’ ಎಂದು ಬರೆದರೆ ಆಕೆಗೆ ಸ್ವಲ್ಪ ಅನುಭವವಿದೆ ಎಂದು ಮೆಚ್ಚಿ ಹೇಳಿದಂತಾಗುತ್ತದೆ. ‘ಎ’ ಬಿಟ್ಟುಹೋದರೆ ಅನುಭವ ಇಲ್ಲವೆನ್ನುವಷ್ಟು ಕಡಿಮೆ ಎಂಬ ದೂರಾಗುತ್ತದೆ. ‘ಎ ಫ್ಯೂ ಪೀಪಲ್ ಕೇಮ್’ ಎಂದರೆ ಕೆಲವರು ಬಂದರು, ‘ಫ್ಯೂ ಪೀಪಲ್ ಕೇಮ್’ ಎಂದರೆ ಹೆಚ್ಚು ಜನ ಬರಲೇ ಇಲ್ಲ. ಇದರ ಜೊತೆಗೆ ‘ಕ್ವೈಟ್ ಎ ಫ್ಯೂ’ ಎಂಬ ಬಳಕೆಯನ್ನೂ ನೆನಪಿಡಬೇಕು. ಅದರ ಅರ್ಥ ‘ಕೆಲವೇ’ ಎಂದಲ್ಲ, ‘ಸಾಕಷ್ಟು ಮಂದಿ’ ಎಂದು.

‘ಮಚ್’ ಪದಕ್ಕೆ ಇನ್ನೊಂದು ಒಲವಿದೆ. ಅದು ಪ್ರಶ್ನೆ ಮತ್ತು ನಿಷೇಧ ವಾಕ್ಯಗಳಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ‘ಐ ಹ್ಯಾವ್ ಮಚ್ ವರ್ಕ್’ ಎಂಬಂಥ ಸಾಮಾನ್ಯ ಹೇಳಿಕೆ ವ್ಯಾಕರಣದಲ್ಲಿ ತಪ್ಪಲ್ಲವಾದರೂ ಮಾತಿನಲ್ಲಿ ಬಿಗಿಯಾಗಿ ಕೇಳಿಸುತ್ತದೆ. ಅಲ್ಲಿ ‘ಎ ಲಾಟ್ ಆಫ್ ವರ್ಕ್’ ಎನ್ನುವುದೇ ರೂಢಿ. ಈ ‘ಎ ಲಾಟ್ ಆಫ್’, ಹಾಗೆಯೇ ‘ಸಮ್’, ‘ಎನಫ್’, ‘ಮೋರ್’ ಇವೆಲ್ಲ ಎರಡೂ ಗುಂಪಿನೊಂದಿಗೆ ಬರುತ್ತವೆ. ‘ಎವ್ರಿ’ ಮತ್ತು ‘ಈಚ್’ ಮಾತ್ರ ಏಕವಚನದ ಎಣಿಕೆಯ ನಾಮಪದವನ್ನೇ ಬಯಸುತ್ತವೆ.

‘ಫ್ಯೂವರ್’ ಮತ್ತು ‘ಲೆಸ್’ ನಡುವಿನ ಗೆರೆಯಾದರೋ ಅಷ್ಟು ಗಟ್ಟಿಯಾದುದಲ್ಲ. ಎಣಿಕೆಯ ನಾಮಪದಗಳಿಗೆ ‘ಫ್ಯೂವರ್’ ಉತ್ತಮ ಎಂದು ರಾಬರ್ಟ್ ಬೇಕರ್ ಎಂಬ ಲೇಖಕ 1770ರಲ್ಲಿ ಸೂಚಿಸಿದ್ದು ತನಗೆ ಹಾಗೆ ತೋರುತ್ತದೆ ಎಂಬ ಧಾಟಿಯಲ್ಲಿ. ಮುಂದೆ ಅದೇ ಕಟ್ಟುನಿಟ್ಟಾದ ನಿಯಮವೆಂಬಂತೆ ಬೋಧನೆಗೆ ಬಂದಿತು. ಇಂದಿಗೂ ಆಡುಮಾತಿನ ಇಂಗ್ಲಿಷಿನಲ್ಲಿ ‘ಲೆಸ್ ಪೀಪಲ್’ ಎಂಬುದು ಸಾಕಷ್ಟು ಕೇಳಿಬರುತ್ತದೆ. ಪರೀಕ್ಷೆಯಲ್ಲಿಯೂ ಔಪಚಾರಿಕ ಬರಹದಲ್ಲಿಯೂ ‘ಫ್ಯೂವರ್ ಪೀಪಲ್’, ‘ಫ್ಯೂವರ್ ಮಿಸ್ಟೇಕ್ಸ್’ ಎಂದೇ ಬರೆಯಿರಿ. ಆದರೆ ದೂರ, ಕಾಲ, ಹಣದ ಮೊತ್ತಗಳನ್ನು ಇಂಗ್ಲಿಷ್ ಒಂದೇ ಇಡಿಯಾದ ಪ್ರಮಾಣವೆಂದು ನೋಡುವುದರಿಂದ, ಅಂಕಿಯ ಜೊತೆಗೆ ಬಂದಾಗಲೂ ‘ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್’, ‘ಲೆಸ್ ದ್ಯಾನ್ ಟೆನ್ ಮಿನಿಟ್ಸ್’ ಎನ್ನುವುದೇ ಸರಿಯಾದ ಬಳಕೆ.